ಔಯುಯಿಟ್ಟುಕ್‌ಗೆ ಹೊರಡುವ ಮುಂಚೆ

ಕೆನಡಾದ ಉತ್ತರ ಭಾಗದ ಔಯುಯಿಟ್ಟುಕ್ ರಾಷ್ಟ್ರೀಯ ಉದ್ಯಾನಕ್ಕೆ ಹೇಗೆ ಹೋಗುವುದು ಎಂದು ಕೇಳುವವರು ಮೊದಲು ಖರ್ಚಿನ ಬಗ್ಗೆ ಕೇಳುತ್ತಾರೆ, ಆಮೇಲೆ ಹಿಮಕರಡಿಯ ಬಗ್ಗೆ. ನಾನು ತಿರುಗಿ ಕೇಳುವುದು ಒಂದೇ: ರಜೆ ಎಷ್ಟು ಸಿಗುತ್ತದೆ? ನಡಿಗೆಗೆ ಬೇಕಾದ ದಿನಗಳ ಮೇಲೆ ಇನ್ನೊಂದು ವಾರ ಕೈಯಲ್ಲಿಲ್ಲದಿದ್ದರೆ ಈ ವರ್ಷ ಬಿಡಿ, ಮುಂದಿನ ವರ್ಷ ಹೋಗಿ ಎನ್ನುತ್ತೇನೆ. ವಿಮಾನ ಇಳಿಯುತ್ತದೋ ಇಲ್ಲವೋ, ದೋಣಿ ಇವತ್ತು ಹೊರಡುತ್ತದೋ ನಾಳೆಯೋ, ಹೊಳೆ ದಾಟಬಹುದೋ ಬಾರದೋ, ಎಲ್ಲವೂ ಗಾಳಿ, ಮಂಜುಗಡ್ಡೆ, ಉಬ್ಬರ ನೋಡಿ ಅಲ್ಲಿನ ಜನ ಹೇಳುವ ಮಾತು. ಅವರು ಬೇಡ ಎಂದ ದಿನ ಸುಮ್ಮನೆ ಕೂತಿರಲು ಪುರುಸೊತ್ತು ಇರಬೇಕು. ಉಳಿದ ತಯಾರಿಯೆಲ್ಲ ಇದರ ನಂತರದ್ದು.

ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವಳು. ಒಟ್ಟಾವದಲ್ಲಿ ಫಿಸಿಯೊಥೆರಪಿಸ್ಟ್ ಆಗಿ ಕೆಲಸ. ಅಕ್ಕನ ಮಗಳ ಜೊತೆ ಈ ಉದ್ಯಾನದ ಅಕ್ಷಯುಕ್ ಕಣಿವೆಯಲ್ಲಿ ನಡೆದು ಬಂದಿದ್ದೇನೆ. ಕನ್ನಡದಲ್ಲಿ ಇದರ ಬಗ್ಗೆ ಹುಡುಕಿದವರಿಗೆ ಏನೂ ಸಿಗುವುದಿಲ್ಲ ಎಂಬ ಕಾರಣಕ್ಕೆ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಇದು ಯಾರ ಜಾಗ

ಔಯುಯಿಟ್ಟುಕ್ ಇರುವುದು ಕೆನಡಾದ ನುನಾವುಟ್ ಟೆರಿಟರಿಯ ಬ್ಯಾಫಿನ್ ದ್ವೀಪದಲ್ಲಿ. 19,000 ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ವಿಸ್ತಾರ. ಅದರಲ್ಲಿ ದೊಡ್ಡ ಪಾಲು ಪೆನ್ನಿ ಹಿಮಹಾಸು ಮತ್ತು ಅದರಿಂದ ನಾಲ್ಕೂ ಕಡೆ ಇಳಿಯುವ ಹಿಮನದಿಗಳು. ನಡುವೆ ದಕ್ಷಿಣದಿಂದ ಉತ್ತರಕ್ಕೆ ಸುಮಾರು 97 ಕಿಲೋಮೀಟರಿನ ಅಕ್ಷಯುಕ್ ಪಾಸ್ ಎಂಬ ಕಣಿವೆ ದಾರಿ. ಒಂದು ತುದಿಗೆ ಪಾಂಗ್ನಿರ್ಟುಂಗ್ ಊರು, ಇನ್ನೊಂದು ತುದಿಗೆ ಕಿಕಿಕ್ತಾರ್ಜುವಾಕ್. ಕಂಬರ್ಲೆಂಡ್ ಸೌಂಡ್ ಎಂಬ ಕೊಲ್ಲಿ ಮತ್ತು ಡೇವಿಸ್ ಜಲಸಂಧಿಯ ಕರಾವಳಿಗಳ ನಡುವೆ ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನ ಓಡಾಡುತ್ತಿದ್ದ ದಾರಿ ಇದು. ಟ್ರೆಕ್ಕಿಂಗ್ ಮಾಡುವವರು ಬಂದದ್ದು ತೀರಾ ಈಚೆಗೆ.

ಹಿಮಹಾಸಿಗೆ ಹೆಸರು ಬಂದಿರುವುದು ವಿಲಿಯಂ ಪೆನ್ನಿ ಎಂಬ ಸ್ಕಾಟ್ಲೆಂಡಿನ ತಿಮಿಂಗಿಲ ಬೇಟೆಯ ಕಪ್ತಾನನಿಂದ. ಆದರೆ ಅವನಿಗೆ ಈ ಕಡಲಿನ ದಾರಿ ತೋರಿಸಿದವನು ಈನೂಲೂವಾಪಿಕ್ ಎಂಬ ಇನುಯಿಟ್ ತರುಣ. 1839ರಲ್ಲಿ ಪೆನ್ನಿಯ ಹಡಗು ಹತ್ತಿ ಅಬರ್ಡೀನ್‌ಗೆ ಹೋದ, ತನ್ನ ಕರಾವಳಿಯ ನಕ್ಷೆ ಬರೆದುಕೊಟ್ಟ, ಮರುವರ್ಷ ಜೊತೆಗೇ ವಾಪಸು ಬಂದು ಹಡಗನ್ನು ಕಂಬರ್ಲೆಂಡ್ ಸೌಂಡಿಗೆ ಕರೆತಂದ. ಆಮೇಲೆ ದಶಕಗಟ್ಟಲೆ ಅಲ್ಲಿ ಬೋಹೆಡ್ ತಿಮಿಂಗಿಲಗಳ ಬೇಟೆ ನಡೆಯಿತು. ಬೇಟೆಯವರ ಜೊತೆ ಬಂದ ಕಾಯಿಲೆಗಳಿಂದ ಇನುಯಿಟ್ ಕುಟುಂಬಗಳು ತುಂಬ ಕಷ್ಟಪಟ್ಟವು. ಪೆನ್ನಿಯ ಹೆಸರು ನಕ್ಷೆಯಲ್ಲಿ ದೊಡ್ಡದಾಗಿ ಕಾಣುತ್ತದೆ, ಹಾಗಾಗಿ ಈನೂಲೂವಾಪಿಕ್‌ನ ಹೆಸರನ್ನೂ ನೆನಪಿಟ್ಟುಕೊಂಡು ಹೋಗಿ ಎಂದು ಕೇಳಿಕೊಳ್ಳುತ್ತೇನೆ.

ಸರ್ಕಾರ ಈ ಭೂಮಿಯನ್ನು ಉದ್ಯಾನಕ್ಕೆಂದು ತೆಗೆದಿಟ್ಟದ್ದು 1972ರಲ್ಲಿ. 1993ರ ನುನಾವುಟ್ ಭೂಹಕ್ಕು ಒಪ್ಪಂದ, 1999ರಲ್ಲಿ ಇನುಯಿಟ್ ಸಂಸ್ಥೆಯೊಂದಿಗೆ ಆದ ಇನ್ನೊಂದು ಒಪ್ಪಂದ, ಇವೆಲ್ಲ ಮುಗಿದ ಮೇಲೆ 2001ರಲ್ಲಿ ಪೂರ್ಣ ರಾಷ್ಟ್ರೀಯ ಉದ್ಯಾನವಾಯಿತು. ಆಡಳಿತದಲ್ಲಿ ಇನುಯಿಟ್ ಪ್ರತಿನಿಧಿಗಳಿರುವ ಜಂಟಿ ಸಮಿತಿಗೆ ಮಾತಿದೆ. ಇನುಯಿಟ್ ಜನ ಉದ್ಯಾನದೊಳಗೆ ಬೇಟೆಯಾಡಬಹುದು, ಮೀನು ಹಿಡಿಯಬಹುದು, ಅದು ಅವರ ಕಾನೂನುಬದ್ಧ ಹಕ್ಕು. ದಾರಿಯಲ್ಲಿ ಬಂದೂಕು ಹಿಡಿದವರು ಎದುರಾದರೆ ಗಾಬರಿಯಾಗಬೇಡಿ, ಫೋಟೊಗೆ ಮುಗಿಬೀಳಬೇಡಿ.

ಯಾವ ತಿಂಗಳು

ಎರಡೇ ಕಾಲ. ಮಾರ್ಚ್ ಮಧ್ಯದಿಂದ ಏಪ್ರಿಲ್ ಕೊನೆಯವರೆಗೆ ಕಡಲು ಹೆಪ್ಪುಗಟ್ಟಿರುತ್ತದೆ, ಸ್ನೋಮೊಬೈಲಿನಲ್ಲಿ ಹೋಗಿ ಸ್ಕೀ ಮಾಡುತ್ತಾರೆ. ಅದು ಪಳಗಿದವರಿಗೆ, ನಾನು ಅದರ ಬಗ್ಗೆ ಹೇಳುವುದಿಲ್ಲ. ನಡೆಯುವವರಿಗೆ ಜುಲೈ ಕೊನೆಯಿಂದ ಆಗಸ್ಟ್ ಕೊನೆ. ನಡುವಿನ ಜೂನ್ ಹೊತ್ತಿಗೆ ಮಂಜುಗಡ್ಡೆ ಒಡೆಯುತ್ತಿರುತ್ತದೆ, ಸ್ನೋಮೊಬೈಲೂ ಹೋಗುವುದಿಲ್ಲ, ದೋಣಿಯೂ ಹೋಗುವುದಿಲ್ಲ.

ಆಗಸ್ಟಿನಲ್ಲಿ ಹಗಲು ಐದರಿಂದ ಹತ್ತು ಡಿಗ್ರಿ ಇರಬಹುದು, ಬಿಸಿಲು ಬಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ಹಿಮ ಯಾವ ತಿಂಗಳಲ್ಲಾದರೂ ಬೀಳಬಹುದು. ಜುಲೈ ಕೊನೆಗೂ ರಾತ್ರಿ ಪೂರ್ತಿ ಕತ್ತಲಾಗುವುದಿಲ್ಲ. ಇದು ನಿದ್ದೆಗೆ ತೊಂದರೆ, ಹೊಳೆ ದಾಟಲು ಅನುಕೂಲ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಕಾಗದಪತ್ರ, ವಿಮಾನ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕೆನಡಾದ ವಿಸಿಟರ್ ವೀಸಾ ಸಾಕು, ನುನಾವುಟ್‌ಗೆ ಬೇರೆ ವೀಸಾ ಇಲ್ಲ. ಅರ್ಜಿಯನ್ನು ತಿಂಗಳುಗಟ್ಟಲೆ ಮುಂಚೆ ಹಾಕಿ. ಒಟ್ಟಾವದಿಂದ ನುನಾವುಟ್‌ನ ರಾಜಧಾನಿ ಇಕಾಲುಯಿಟ್‌ಗೆ ಮೂರು ತಾಸಿನ ಹಾದಿ, ಅಲ್ಲಿಂದ ಸಣ್ಣ ವಿಮಾನದಲ್ಲಿ ಪಾಂಗ್ನಿರ್ಟುಂಗ್‌ಗೆ ಒಂದು ತಾಸು. ಈ ಟಿಕೆಟ್ಟಿನ ದುಡ್ಡಿನಲ್ಲಿ ಯುರೋಪಿಗೆ ಹೋಗಿ ಬರಬಹುದು, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಪಾಂಗ್‌ನ ರನ್‌ವೇ ಊರಿನ ನಡುಮಧ್ಯದಲ್ಲೇ ಇದೆ (ಅಲ್ಲಿನವರು ಊರನ್ನು ಪಾಂಗ್ ಎಂದೇ ಕರೆಯುವುದು). ಸುತ್ತ ಎತ್ತರದ ಬೆಟ್ಟಗಳು. ಗಾಳಿ ಅಡ್ಡ ಬೀಸಿದರೆ ವಿಮಾನ ಬರುವುದಿಲ್ಲ. ಹೋಗುವಾಗ ಎರಡು ದಿನ, ಬರುವಾಗ ಮೂರು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಟೊರೊಂಟೊದಿಂದ ಬೆಂಗಳೂರಿನ ವಿಮಾನವನ್ನು ಅದೇ ವಾರಕ್ಕೆ ಕಟ್ಟಿಹಾಕಬೇಡಿ.

ವರ್ಷದ ಆರಂಭದಲ್ಲೇ ಪಾಂಗ್‌ನಲ್ಲಿರುವ ಪಾರ್ಕ್ಸ್ ಕೆನಡಾ (ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಕಚೇರಿಗೆ ಬರೆಯಿರಿ. ಅನುಮತಿ ಪಡೆದ ದೋಣಿಯವರ ಪಟ್ಟಿ ಅವರೇ ಕೊಡುತ್ತಾರೆ. ಉದ್ಯಾನಕ್ಕೆ ಕಾಲಿಡುವ ಮುಂಚೆ ಕಚೇರಿಯಲ್ಲಿ ಹೆಸರು ನೋಂದಾಯಿಸಿ, ಅವರು ಕೊಡುವ ತಿಳಿವಳಿಕೆ ಪಾಠಕ್ಕೆ ಕೂರುವುದು ಕಡ್ಡಾಯ. ಅಲ್ಲಿ ಕೈಗೆ ಪೆನ್ನು ತೆಗೆದುಕೊಂಡು ಕೂರಿ. ಆ ವಾರ ಯಾವ ತೊರೆ ಉಕ್ಕಿದೆ, ಯಾವ ಸೇತುವೆ ಸರಿಯಿದೆ, ಕರಡಿ ಎಲ್ಲಿ ಕಂಡಿದೆ, ಇದು ಇಂಟರ್ನೆಟ್ಟಿನ ಯಾವ ನಕ್ಷೆಯಲ್ಲೂ ಇರುವುದಿಲ್ಲ. 2008ರ ಜೂನಿನಲ್ಲಿ ಪಾಂಗ್ ಊರೊಳಗಿನ ಹೊಳೆ ಉಕ್ಕಿ, ಹೆಪ್ಪುಗಟ್ಟಿದ್ದ ನೆಲವನ್ನೇ ಕೊರೆದು ಎರಡು ಸೇತುವೆಗಳನ್ನು ಹಾಳುಮಾಡಿತ್ತು. ಅದೇ ಬೇಸಿಗೆ ಉದ್ಯಾನದೊಳಗೂ ಪ್ರವಾಹ ಬಂದು, ನಡೆಯಲು ಹೋದವರನ್ನು ಹೆಲಿಕಾಪ್ಟರಿನಲ್ಲಿ ಹೊರತಂದರು. ಅಲ್ಲಿನ ನೆಲ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿದೆ. ಹಳೆಯ ಪ್ರವಾಸ ಕಥನ ಓದಿ ದಾರಿ ನಿರ್ಧರಿಸಬೇಡಿ.

ಪಾಂಗ್‌ನಲ್ಲಿ

ಒಂದೂವರೆ ಸಾವಿರ ಜನರ ಊರು. ಹೆಚ್ಚಿನವರು ಇನುಯಿಟ್, ಮನೆಮಾತು ಇನುಕ್ಟಿಟುಟ್, ಇಂಗ್ಲಿಷ್ ಬಹುತೇಕ ಎಲ್ಲರಿಗೂ ಬರುತ್ತದೆ. ಮೊದಲ ದಿನ ನನ್ನ ಅಕ್ಕನ ಮಗಳು ಅಂಗಡಿಯ ಹತ್ತಿರ ಒಬ್ಬ ಹುಡುಗನನ್ನು ಪಾರ್ಕ್ ಆಫೀಸು ಇದೇ ದಾರಿಯಾ ಎಂದು ಕೇಳಿದಳು. ಅವನು ಹುಬ್ಬು ಎರಡೂ ಮೇಲಕ್ಕೆತ್ತಿ ಅವಳನ್ನೇ ನೋಡಿದ, ಬಾಯಿ ಬಿಡಲಿಲ್ಲ. ಅವಳು ಇನ್ನೊಮ್ಮೆ ಕೇಳಿದಳು. ಮತ್ತೆ ಹುಬ್ಬು. "ಚಿಕ್ಕಮ್ಮ, ಇವನಿಗೆ ಅರ್ಥ ಆಗ್ತಿಲ್ಲ ಅನ್ಸತ್ತೆ" ಎಂದಳು. ಅರ್ಥವಾಗಿತ್ತು. ಹುಬ್ಬೇರಿಸಿದರೆ ಹೌದು, ಮೂಗು ಸುಕ್ಕು ಮಾಡಿದರೆ ಇಲ್ಲ. ಇದು ಗೊತ್ತಿದ್ದರೆ ದೋಣಿಯವರ ಜೊತೆ ಮಾತಾಡುವಾಗ ಎಷ್ಟೋ ಸುಲಭ. ಅವರು ಮಾತಿನ ನಡುವೆ ಮೌನವಾಗಿರುವುದೂ ಉಂಟು. ಆ ಮೌನವನ್ನು ಹೊಸ ಪ್ರಶ್ನೆ ಹಾಕಿ ತುಂಬಿಸಬೇಡಿ, ಕಾಯಿರಿ.

ಆಂಗ್‌ಮಾರ್ಲಿಕ್ ಸಂದರ್ಶಕರ ಕೇಂದ್ರದಲ್ಲಿ ಹಳೆಯ ಬದುಕಿನ ವಸ್ತುಗಳಿವೆ. ಉಕ್ಕುರ್ಮಿಯುಟ್ ಕಲಾ ಕೇಂದ್ರದಲ್ಲಿ ಉಣ್ಣೆಯ ಚಿತ್ರಕಂಬಳಿ ನೇಯುತ್ತಾರೆ, ಮುದ್ರಣ ಚಿತ್ರಗಳಿವೆ, ಪಾಂಗ್ ಟೋಪಿ ಎಂದೇ ಹೆಸರಾದ ಬಣ್ಣಬಣ್ಣದ ಕ್ರೋಶಾ ಟೋಪಿಗಳಿವೆ. ಅದನ್ನು ಅಲ್ಲೇ ಕೊಂಡು ನಡಿಗೆಗೆ ಹಾಕಿಕೊಳ್ಳಿ, ಕಿವಿ ಪೂರ್ತಿ ಮುಚ್ಚುತ್ತದೆ. ಸೀಲ್ ಚರ್ಮದ ಕೈಗವಸು ಕೊಳ್ಳುವ ಆಸೆಯಿದ್ದು ಅಮೆರಿಕದ ಮೂಲಕ ವಾಪಸಾಗುವವರಿದ್ದರೆ ಯೋಚಿಸಿ, ಆ ದೇಶದೊಳಕ್ಕೆ ಅದನ್ನು ಒಯ್ಯುವಂತಿಲ್ಲ.

ಸೀಲ್ ಎಂದಾಗ ನಮ್ಮಂಥ ಸಸ್ಯಾಹಾರಿಗಳಿಗೆ ಒಂದು ಮಾತು. ನಾನು ಹುಟ್ಟಿನಿಂದ ಮಾಂಸ ತಿಂದವಳಲ್ಲ. ಆದರೆ ಮರವೇ ಬೆಳೆಯದ, ಹೊಲವೇ ಇಲ್ಲದ ಆ ನೆಲದಲ್ಲಿ ಸೀಲ್, ಆರ್ಕ್ಟಿಕ್ ಚಾರ್ ಮೀನು, ಕ್ಯಾರಿಬೂ ಎಂಬ ಜಿಂಕೆ ಇವೇ ಸಾವಿರಾರು ವರ್ಷ ಜನರನ್ನು ಸಾಕಿವೆ. 1970-80ರ ದಶಕದಲ್ಲಿ ಹೊರಗಿನವರ ಪ್ರಾಣಿದಯೆಯ ಚಳವಳಿ, 1983ರ ಯುರೋಪಿನ ನಿಷೇಧ ಇವುಗಳಿಂದ ಸೀಲ್ ಚರ್ಮದ ಬೆಲೆ ಕುಸಿದು, ಬೇಟೆಯಿಂದ ಬರುತ್ತಿದ್ದ ಅಷ್ಟಿಷ್ಟು ನಗದೂ ಇನುಯಿಟ್ ಮನೆಗಳಿಗೆ ಇಲ್ಲವಾಯಿತು. ನೀವು ತಿನ್ನಬೇಕಾಗಿಲ್ಲ. ಕೊಟ್ಟಾಗ "ನಾನು ಮಾಂಸ ತಿನ್ನುವುದಿಲ್ಲ, ಖುಯನ್ನಮೀಕ್" (ಇನುಕ್ಟಿಟುಟ್‌ನಲ್ಲಿ ಧನ್ಯವಾದ) ಎಂದು ನಗುತ್ತಾ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಮುಖ ಸಿಂಡರಿಸಬೇಡಿ, ಉಪದೇಶ ಮಾಡಬೇಡಿ.

ಊರಿನ ಅಂಗಡಿಗಳಲ್ಲಿ ದಿನಸಿ ತುಂಬ ದುಬಾರಿ. ಹೆಚ್ಚಿನ ಸಾಮಾನು ವಿಮಾನದಲ್ಲಿ ಬರಬೇಕು, ಹಡಗು ಬರುವುದು ಬೇಸಿಗೆಯಲ್ಲಿ ಮಾತ್ರ. ಪೂರ್ತಿ ನಡಿಗೆಯ ಆಹಾರವನ್ನು ದಕ್ಷಿಣದಿಂದಲೇ ಒಯ್ಯಿರಿ. ಊರವರ ಅಂಗಡಿಯ ಕಪಾಟು ಖಾಲಿ ಮಾಡಬೇಡಿ.

ಚೀಲದಲ್ಲಿ ಏನಿರಬೇಕು

ಟೆಂಟು ನಾಲ್ಕೂ ಋತುವಿಗೆ ಆಗುವಂಥದ್ದು. ಕಣಿವೆಯ ಗಾಳಿ ಸಾಮಾನ್ಯ ಟೆಂಟಿನ ಕೋಲು ಮುರಿದು ಹಾಕುತ್ತದೆ. ನೆಲದಲ್ಲಿ ಗೂಟ ನಿಲ್ಲುವುದಿಲ್ಲ, ಹಗ್ಗಗಳನ್ನು ದಪ್ಪ ಕಲ್ಲಿಗೆ ಕಟ್ಟಬೇಕು, ಹಾಗಾಗಿ ಹೆಚ್ಚುವರಿ ಹಗ್ಗ ಇರಲಿ. ಕಟ್ಟಲು ಕಲ್ಲು ಆಯುವಾಗ ಒಂದು ಎಚ್ಚರಿಕೆ: ಈಗಾಗಲೇ ವೃತ್ತವಾಗಿ ಜೋಡಿಸಿಟ್ಟ ಅಥವಾ ಗುಡ್ಡೆ ಹಾಕಿದ ಕಲ್ಲುಗಳನ್ನು ಮುಟ್ಟಲೇಬಾರದು. ಅವು ಹಳೆಯ ಡೇರೆಗಳ ನೆಲೆ, ಮಾಂಸ ಬಚ್ಚಿಡುತ್ತಿದ್ದ ಜಾಗ, ಕೆಲವೊಮ್ಮೆ ಸಮಾಧಿ. ದಾರಿ ತೋರುವ ಇನುಕ್‌ಶುಕ್ ಕಲ್ಲುಗಂಬಗಳ ಪಕ್ಕದಲ್ಲಿ ಫೋಟೊಗಾಗಿ ಹೊಸದೊಂದು ಕಟ್ಟುವುದೂ ತಪ್ಪು. ಮಂಜಿನಲ್ಲಿ ಅದನ್ನು ನಂಬಿ ನಡೆದವರು ದಾರಿ ತಪ್ಪುತ್ತಾರೆ.

ಸೌದೆ ಇಲ್ಲ, ಬೆಂಕಿ ಹಾಕುವಂತಿಲ್ಲ. ಸ್ಟೌವಿಗೆ ಬೇಕಾದ ಇಂಧನವನ್ನು ವಿಮಾನದಲ್ಲಿ ಬಿಡುವುದಿಲ್ಲ, ಪಾಂಗ್‌ನಲ್ಲೇ ಕೊಳ್ಳಬೇಕು. ಕರಡಿ ಸ್ಪ್ರೇ ಕೂಡ ಹಾಗೆಯೇ. ಎರಡೂ ಸಿಗುತ್ತವೆಯೇ ಎಂದು ಮೊದಲೇ ಫೋನ್ ಮಾಡಿ ಹೇಳಿಟ್ಟಿರಿ.

ಊಟಕ್ಕೆ ನಮ್ಮ ಮನೆಯ ಪದಾರ್ಥಗಳಷ್ಟು ಅನುಕೂಲದ್ದು ಇನ್ನೊಂದಿಲ್ಲ. ತೆಳು ಅವಲಕ್ಕಿಗೆ ಬಿಸಿನೀರು ಸುರಿದು ಮುಚ್ಚಿಟ್ಟರೆ ಆಯಿತು, ಇಂಧನ ಉಳಿಯುತ್ತದೆ. ಅದಕ್ಕೆ ಹುಣಸೆ ಗೊಜ್ಜಿನ ಪುಡಿ, ಶೇಂಗಾ ಚಟ್ನಿಪುಡಿ. ಬೆಳಿಗ್ಗೆ ಹುರಿಹಿಟ್ಟಿಗೆ ಬೆಲ್ಲ, ಹಾಲಿನ ಪುಡಿ. ಎಲ್ಲದಕ್ಕೂ ತುಪ್ಪ, ಮನೆಯಲ್ಲಿ ಹಾಕುವುದರ ಮೂರರಷ್ಟು. ಚಳಿಯಲ್ಲಿ ಹೊರೆ ಹೊತ್ತು ನಡೆಯುವ ದೇಹ ಕೊಬ್ಬು ಬೇಡುತ್ತದೆ. ಭಾರತದಿಂದ ಬರುವವರು ತುಪ್ಪ, ಹಾಲಿನ ಪುಡಿಗಳನ್ನು ಕೆನಡಾದಲ್ಲೇ ಕೊಳ್ಳಿ, ತಂದ ಉಳಿದ ಆಹಾರವನ್ನು ಕಸ್ಟಮ್ಸ್‌ನಲ್ಲಿ ಹೇಳಿಬಿಡಿ.

ನನ್ನ ವೃತ್ತಿಯ ಮಾತೂ ಒಂದಿರಲಿ. ಈ ನಡಿಗೆಯಲ್ಲಿ ಏರು ಹೆಚ್ಚಿಲ್ಲ, ತೊಂದರೆ ಕೊಡುವುದು ಹಿಮನದಿ ತಂದು ಸುರಿದ ಅಲುಗಾಡುವ ಬಂಡೆಗಳ ರಾಶಿ. ಮಂಡಿ, ಹರಡು ಎರಡಕ್ಕೂ ಅದು ಪರೀಕ್ಷೆ. ಮೂರು ತಿಂಗಳು ಮುಂಚಿನಿಂದ ಬೆನ್ನಿಗೆ ಭಾರ ಹೊತ್ತು ಮೆಟ್ಟಿಲು ನಿಧಾನವಾಗಿ ಇಳಿಯುವ ಅಭ್ಯಾಸ ಮಾಡಿ. ಹತ್ತುವುದಲ್ಲ, ಇಳಿಯುವುದು. ಒಂಟಿಕಾಲಿನಲ್ಲಿ ನಿಂತು ಹಲ್ಲುಜ್ಜಿ, ಬಲಗಾಲು ಒಂದು ಹೊತ್ತು, ಎಡಗಾಲು ಇನ್ನೊಂದು ಹೊತ್ತು. ಬೂಟು ಹರಡಿನ ಮೇಲಿನವರೆಗೆ ಬರುವಂಥದ್ದು, ಹಳೆಯದಾಗಿ ಕಾಲಿಗೆ ಒಗ್ಗಿರಬೇಕು.

ದೋಣಿ ಮತ್ತು ದಾರಿ

ಪಾಂಗ್‌ನಿಂದ ಫಿಯೋರ್ಡಿನ (ಬೆಟ್ಟಗಳ ನಡುವೆ ಒಳಚಾಚಿದ ಕಡಲ ಕಿರುಗಾಲುವೆ) ತುದಿಯಲ್ಲಿ ನಡಿಗೆ ಶುರುವಾಗುವ ಓವರ್‌ಲಾರ್ಡ್ ಎಂಬ ಜಾಗದವರೆಗೆ ಸುಮಾರು 30 ಕಿಲೋಮೀಟರು ದೋಣಿ ಪ್ರಯಾಣ. ಅಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಬಹಳ. ಇಳಿತದಲ್ಲಿ ಫಿಯೋರ್ಡಿನ ತಲೆಭಾಗ ದೂರದವರೆಗೆ ಬರೀ ಕೆಸರು, ದೋಣಿ ಹತ್ತಿರ ಹೋಗಲಾಗುವುದಿಲ್ಲ. ಹಾಗಾಗಿ ನಡುರಾತ್ರಿ ಉಬ್ಬರವಿದ್ದರೆ ನಡುರಾತ್ರಿಯೇ ಹೊರಡಬೇಕು. ನಮ್ಮ ದೋಣಿಯವರು ಬೆಳಿಗ್ಗೆ ದಡಕ್ಕೆ ಬಂದು ಒಂದಷ್ಟು ಹೊತ್ತು ಕಣಿವೆಯ ಕಡೆಯ ಮೋಡ ನೋಡಿದರು. ನಮಗೆ ನೀರು ಶಾಂತವಾಗಿಯೇ ಕಾಣುತ್ತಿತ್ತು. "ನಾಳೆ, ಬಹುಶಃ" ಎಂದು ಹೇಳಿ ಹೋದರು. ಮಧ್ಯಾಹ್ನದ ಹೊತ್ತಿಗೆ ಫಿಯೋರ್ಡ್ ಪೂರ್ತಿ ಬಿಳಿ ನೊರೆ. ಇನ್ನೊಂದು ದೋಣಿಯವರನ್ನು ಹುಡುಕಿ ದುಡ್ಡು ಹೆಚ್ಚು ಕೊಡುತ್ತೇನೆ ಎನ್ನುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅವರು ಮನೆಮಂದಿಯ ಜೀವವನ್ನು ಅದೇ ನೀರಿನ ಮೇಲೆ ಇಟ್ಟು ಬದುಕುವವರು.

ಓವರ್‌ಲಾರ್ಡ್‌ನಿಂದ ವೀಸಲ್ ನದಿಯ ಜೊತೆಗೇ ಮೇಲಕ್ಕೆ ನಡಿಗೆ. ಆರ್ಕ್ಟಿಕ್ ವೃತ್ತದ ಗುರುತುಗಲ್ಲು, ವಿಂಡಿ ಸರೋವರ, ಥಾರ್ ಪರ್ವತ, ಆಮೇಲೆ ಸಮಿಟ್ ಸರೋವರ. ಮೊದಲ ಸಲ ಹೋಗುವವರು ಸಮಿಟ್ ಸರೋವರ ಮುಟ್ಟಿ ಬಂದ ದಾರಿಯಲ್ಲೇ ಹಿಂದಿರುಗುವುದು ನನ್ನ ಸಲಹೆ. ಪೂರ್ತಿ ಕಣಿವೆ ದಾಟಿ ಕಿಕಿಕ್ತಾರ್ಜುವಾಕ್ ಕಡೆ ಇಳಿಯುವುದಕ್ಕೆ ಆ ಬದಿಯ ಕಡಲಿನ ಮಂಜುಗಡ್ಡೆಯೂ ಸಹಕರಿಸಬೇಕು, ಕರಡಿಯ ಅಪಾಯವೂ ಅತ್ತ ಹೆಚ್ಚು. ಮುಖ್ಯ ತಂಗುವ ಕಡೆಗಳಲ್ಲಿ ಸಣ್ಣ ತುರ್ತು ಆಸರೆ ಮನೆಗಳಿವೆ. ಅವು ಜೀವ ಉಳಿಸಿಕೊಳ್ಳಲು, ಮಲಗಲು ಅಲ್ಲ.

ಥಾರ್‌ನ ಎತ್ತರ 1,675 ಮೀಟರ್. ಅದರ ಪಶ್ಚಿಮ ಮುಖ 1,250 ಮೀಟರ್ ನೇರ ಬೀಳು, ನೇರವೂ ಅಲ್ಲ, ಮುಂದಕ್ಕೆ ಬಾಗಿದೆ. ಜಗತ್ತಿನ ಅತಿ ದೊಡ್ಡ ಲಂಬ ಬಂಡೆ ಎಂದು ಅದಕ್ಕೆ ಹೆಸರು. ಕತ್ತೆತ್ತಿ ನೋಡುತ್ತಾ ಅದರ ಬುಡದಲ್ಲೇ ಟೆಂಟು ಹಾಕುವ ಮನಸ್ಸಾಗುತ್ತದೆ, ಬೇಡ. ಮೇಲಿನಿಂದ ಕಲ್ಲು ಉರುಳುತ್ತಲೇ ಇರುತ್ತದೆ.

ತೊರೆ ದಾಟುವುದು

ಅಲ್ಲಿ ಜನ ಅಪಾಯಕ್ಕೆ ಸಿಕ್ಕುವುದು ಕರಡಿಗಿಂತ ಹೆಚ್ಚಾಗಿ ನೀರಿನಲ್ಲಿ. ಪಕ್ಕದ ಪ್ರತಿ ಹಿಮನದಿಯಿಂದಲೂ ಒಂದು ತೊರೆ ಇಳಿದು ದಾರಿಗೆ ಅಡ್ಡ ಬರುತ್ತದೆ. ನೀರು ಸಿಮೆಂಟು ಕಲಸಿದ ಹಾಗೆ ಬೂದು ಬಣ್ಣ, ತಳ ಕಾಣುವುದಿಲ್ಲ. ದಡದಲ್ಲಿ ನಿಂತು ಕಿವಿಗೊಟ್ಟರೆ ನೀರಿನೊಳಗೆ ಕಲ್ಲಿಗೆ ಕಲ್ಲು ಬಡಿಯುವ ಸದ್ದು ಕೇಳುತ್ತದೆ. ಹಾಗೆ ಕೇಳಿದರೆ ಅಲ್ಲಿ ದಾಟಬೇಡಿ, ನಿಮ್ಮ ಕಾಲನ್ನೂ ಅದು ಹಾಗೇ ಹೊಡೆಯುತ್ತದೆ.

ಮಧ್ಯಾಹ್ನ, ಸಂಜೆ ಬಿಸಿಲಿಗೆ ಹಿಮ ಕರಗಿ ತೊರೆ ಏರುತ್ತದೆ. ಬೆಳಗಿನ ಜಾವ ಇಳಿದಿರುತ್ತದೆ. ರಾತ್ರಿ ಬೆಳಕಿರುವುದರ ಅನುಕೂಲ ಇದೇ: ಮೂರು ಗಂಟೆಗೆ ಎದ್ದು ನಾಲ್ಕಕ್ಕೆ ದಾಟಬಹುದು. ಥಾರ್‌ಗಿಂತ ಈಚೆಗೆ ಒಂದು ತೊರೆಯ ಮುಂದೆ ನಾವು ಸಂಜೆ ತಲುಪಿದೆವು. ಅಕ್ಕನ ಮಗಳು ನೀರಿನಂಚಿಗೆ ಒಂದು ಕಲ್ಲಿಟ್ಟು ಗುರುತು ಮಾಡಿದಳು. ಊಟ ಮಾಡುವಷ್ಟರಲ್ಲಿ ಕಲ್ಲು ಮುಳುಗಿತ್ತು. ಮಲಗಿ ಎದ್ದು ನೋಡಿದರೆ ಕಲ್ಲು ಒಣಗಿ, ಅದರಾಚೆ ಎರಡು ಮಾರು ಮರಳು ಬಿಟ್ಟುಕೊಂಡಿತ್ತು.

ಕಿರಿದಾದ ಜಾಗ ದಾಟಲು ಸುಲಭ ಎಂದು ಕಣ್ಣಿಗೆ ಕಾಣುತ್ತದೆ, ಆದರೆ ಅಲ್ಲೇ ಆಳ ಮತ್ತು ಸೆಳೆತ. ತೊರೆ ನಾಲ್ಕೈದು ಕವಲಾಗಿ ಅಗಲವಾಗಿ ಹರಡಿದ ಕಡೆ ಹುಡುಕಿ, ಅರ್ಧ ಗಂಟೆ ಹೆಚ್ಚು ನಡೆದರೂ ಸರಿ. ಚೀಲದ ಸೊಂಟದ ಪಟ್ಟಿ, ಎದೆಯ ಪಟ್ಟಿ ಬಿಚ್ಚಿಕೊಳ್ಳಿ, ಬಿದ್ದರೆ ಚೀಲ ಬಿಟ್ಟು ಏಳಬೇಕು. ಬರಿಗಾಲು ಖಂಡಿತ ಬೇಡ, ನಿಯೋಪ್ರೀನ್ ಎಂಬ ರಬ್ಬರಿನ ಕಾಲುಚೀಲದ ಮೇಲೆ ಹಗುರ ಬೂಟು. ಮುಖ ನೀರು ಬರುವ ಕಡೆಗೆ, ಎರಡು ಊರುಗೋಲು ಮುಂದೆ, ಒಂದು ಸಲಕ್ಕೆ ಒಂದೇ ಹೆಜ್ಜೆ ಅಥವಾ ಒಂದೇ ಕೋಲು ಕದಲಬೇಕು. ಇಬ್ಬರಿದ್ದರೆ ಬಲವಾದವರು ನೀರಿನ ಮೇಲ್ಗಡೆ, ಇನ್ನೊಬ್ಬರು ಅವರ ಹಿಂದೆ ಚೀಲ ಹಿಡಿದು. ನೀರು ಮೊಣಕಾಲು ಮೀರಿ ತೊಡೆಗೆ ಬಂದರೆ ಹಿಂದಕ್ಕೆ ಬನ್ನಿ. ನಿಮಿಷದೊಳಗೆ ಪಾದ ಮರಗಟ್ಟುತ್ತದೆ, ಹಾಗಾಗಿ ಆಚೆ ದಡದಲ್ಲಿ ಮೊದಲ ಕೆಲಸ ಕಾಲು ಒರೆಸಿ ಉಣ್ಣೆಯ ಕಾಲುಚೀಲ ಹಾಕುವುದು. ಮಲೆನಾಡಿನ ಹಳ್ಳ ದಾಟಿ ಬೆಳೆದವರಿಗೆ ಧೈರ್ಯ ಇರುತ್ತದೆ. ಆ ಧೈರ್ಯವನ್ನು ಇಲ್ಲಿ ನೆಚ್ಚಬೇಡಿ, ನೀರಿನ ಚಳಿಯೇ ಬೇರೆ.

ಕುಡಿಯುವ ನೀರನ್ನು ಪಾತ್ರೆಯಲ್ಲಿ ಹಿಡಿದು ಹೂಳು ಕೆಳಗಿಳಿಯಲು ಬಿಟ್ಟು, ಆಮೇಲೆ ಸೋಸಿ. ನೇರ ಸೋಸಿದರೆ ಫಿಲ್ಟರು ಕಟ್ಟಿಕೊಳ್ಳುತ್ತದೆ.

ಕರಡಿ, ಸಂಪರ್ಕ

ಪ್ರವಾಸಿಗರು ಬಂದೂಕು ಒಯ್ಯುವಂತಿಲ್ಲ. ಕಡಲ ದಂಡೆಯಲ್ಲಿ ಟೆಂಟು ಹಾಕಬೇಡಿ. ಅಡುಗೆ ಟೆಂಟಿನಿಂದ ದೂರ. ಆಹಾರವನ್ನು ನೇತುಹಾಕಲು ಮರವಿಲ್ಲ, ಕರಡಿಗೆ ತೆರೆಯಲಾಗದ ಗಟ್ಟಿ ಡಬ್ಬಿಯಲ್ಲಿಡಬೇಕು. ಒಗ್ಗರಣೆಯ ವಾಸನೆ ದೂರ ಹೋಗುತ್ತದೆ, ನಡಿಗೆಯಲ್ಲಿ ಒಗ್ಗರಣೆ ಹಾಕಬೇಡಿ. ಗುಂಪು ಚದುರಬಾರದು. ದೂರದಲ್ಲಿ ಕರಡಿ ಕಂಡರೆ ಅದು ನಿಮ್ಮನ್ನು ಕಾಣುವ ಮೊದಲೇ ಬಂದ ದಾರಿಯಲ್ಲಿ ನಿಧಾನವಾಗಿ ಹಿಂದೆ ಸರಿಯಿರಿ, ಓಡಬೇಡಿ.

ಮೊಬೈಲ್ ಸಿಗ್ನಲ್ ಇಲ್ಲ. ಸ್ಯಾಟಲೈಟ್ ಫೋನ್ ಅಥವಾ ಸಂದೇಶ ಕಳಿಸುವ ಸ್ಯಾಟಲೈಟ್ ಸಾಧನ ಬಾಡಿಗೆಗಾದರೂ ತನ್ನಿ. ಅದನ್ನು ಒತ್ತಿದ ಕೂಡಲೇ ಯಾರೂ ಬರುವುದಿಲ್ಲ, ಹವಾಮಾನ ಕೆಟ್ಟಿದ್ದರೆ ದಿನಗಳೇ ಆಗಬಹುದು. ಹಾಗಾಗಿ ಲೆಕ್ಕಕ್ಕಿಂತ ಮೂರು ದಿನದ ಊಟ ಹೆಚ್ಚಿಗೆ ಇರಲಿ. ಕಸ ಒಂದು ಚೂರೂ ಬಿಡದೆ ಹೊತ್ತು ತನ್ನಿ, ಆ ಚಳಿಯಲ್ಲಿ ಕಿತ್ತಳೆ ಸಿಪ್ಪೆಯೂ ಕೊಳೆಯುವುದಿಲ್ಲ. ಆರ್ಕ್ಟಿಕ್ ವಿಲೋ ಎಂಬ ಗಿಡ ಬೆರಳೆತ್ತರಕ್ಕೆ ಹಬ್ಬಿರುತ್ತದೆ, ಅದರ ಕಾಂಡಕ್ಕೆ ಎಷ್ಟೋ ದಶಕದ ವಯಸ್ಸಿರಬಹುದು. ಕಲ್ಲು ಅಥವಾ ಮರಳು ಇರುವ ಕಡೆ ಹೆಜ್ಜೆಯಿಡಿ.

ವಾಪಸು ಓವರ್‌ಲಾರ್ಡ್‌ಗೆ ದೋಣಿ ಗೊತ್ತುಮಾಡಿದ ಉಬ್ಬರಕ್ಕೆ ಅರ್ಧ ದಿನ ಮುಂಚೆಯೇ ಬಂದು ಕಾಯಿರಿ. ಪಾಂಗ್ ತಲುಪಿದ ಮೇಲೆ ಸ್ನಾನಕ್ಕೂ ಮುಂಚೆ ಪಾರ್ಕ್ ಕಚೇರಿಗೆ ಹೋಗಿ ಬಂದಿದ್ದೇವೆ ಎಂದು ಹೆಸರು ತೆಗೆಸಿ. ತೆಗೆಸದೆ ವಿಮಾನ ಹತ್ತಿದರೆ ಊರವರು ನಿಮ್ಮನ್ನು ಹುಡುಕಲು ಹೊರಡಬೇಕಾಗುತ್ತದೆ. ದಾರಿಯಲ್ಲಿ ಕಂಡದ್ದನ್ನು ಅವರಿಗೆ ಹೇಳಿ: ಯಾವ ತೊರೆ ಎಲ್ಲಿ ಕವಲು ಬದಲಿಸಿದೆ, ಎಲ್ಲಿ ದಂಡೆ ಕುಸಿದಿದೆ, ಕರಡಿಯ ಹೆಜ್ಜೆ ಎಲ್ಲಿತ್ತು. ಮರುದಿನ ಹೊರಡುವವರಿಗೆ ಅದು ಬೇಕು. ಉಳಿದ ಇಂಧನ, ಕರಡಿ ಸ್ಪ್ರೇಗಳನ್ನು ವಿಮಾನದಲ್ಲಿ ಒಯ್ಯಲಾಗುವುದಿಲ್ಲ, ದೋಣಿಯವರಿಗೆ ಕೊಟ್ಟುಬಿಡಿ, ಮುಂದಿನ ಗುಂಪಿಗೆ ಸಿಗುತ್ತದೆ.